ಐ ಅಂದರೆ ಇದ್ದಿಲು

ನಿನ್ನೆ ಡೈರಿಯಲ್ಲಿ ಒಂದು ಸಾಲು ಬರೆದು, ಮೂರು ಸಲ ಗೀಟೆಳೆದು ಹೊಡೆದುಹಾಕಿದೆ. ಹೊಡೆದ ಮೇಲೂ ಅದು ಓದಲು ಬರುತ್ತಿತ್ತು: ‘ಆ ಸಲಹೆ ಕೊಟ್ಟವಳು ನಾನೇ ಇರಬಹುದು.’

ಈ ಮಾತನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವರು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು, ತೊಡೆಯ ಮೇಲೆ ಕಡಲೆಹಿಟ್ಟಿನ ಫಾಫಡಾ ಪೊಟ್ಟಣ ಬಿಚ್ಚಿಕೊಂಡು, ಕರಿದ ಹಸಿಮೆಣಸಿನಕಾಯಿ ಕಚ್ಚುತ್ತಾ.

“ತಗೋ ನಿಶ್ಚಿತಾ. ನರೋಡಾ ಬರೋದ್ರೊಳಗೆ ಮುಗಿಸಿಬಿಡೋಣ. ಆಮೇಲೆ ಆ ಗಾಳಿಗೆ ಏನು ತಿಂದ್ರೂ ಒಂದೇ ರುಚಿ.”

ನಳಿನಿ ಆಂಟಿ ಮೈಸೂರಿನವರು, ಗುಜರಾತಿಗೆ ಬಂದು ನೆಲೆಸಿದವರು. ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಸುಳ್ಳು ಕ್ಲೇಮುಗಳನ್ನು ಹಿಡಿದು ನಿವೃತ್ತರಾದ ಮೇಲೂ ಹಿಡಿಯುವ ಚಟ ಬಿಡಲಿಲ್ಲ. ಮಣಿನಗರದಲ್ಲಿ ನಾನಿರುವ ಪೀಜಿಯ ಕೆಳಗೇ ಅವರ ಮನೆ. ಹಾಗಾಗಿ ಲೆಕ್ಕದ ವಾಸನೆ ಬಂದ ಕೇಸುಗಳಿಗೆಲ್ಲ ನನ್ನನ್ನು ಎಳೆದುಕೊಂಡು ಹೋಗುತ್ತಾರೆ. ಈ ಸಲದ್ದಕ್ಕೆ ನಾನು ಕಚೇರಿಗೆ ರಜೆ ಹಾಕಿದ್ದೆ.

ಹನ್ನೊಂದು ದಿನದ ಹಿಂದೆ ನರೋಡಾದ ಕೇಸೂಡೋ ಕಲರ್ಸ್ ಎಂಬ ಬಣ್ಣದ ಕಾರ್ಖಾನೆಯ ಶುದ್ಧೀಕರಣ ತೊಟ್ಟಿಯಿಂದ ಕೆಂಪು ನೀರು ಹಾಗೇ ಹೊರಗಿನ ಚರಂಡಿಗೆ ಹರಿದಿತ್ತು. ತಪ್ಪು, ತೊಟ್ಟಿ ನೋಡಿಕೊಳ್ಳುವ ಹನುಮಂತನ ತಲೆಗೆ ಬಿದ್ದಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ. ಅವನ ಹೆಂಡತಿ ಸುಲೋಚನಾ ಬಂದು ನಳಿನಿ ಆಂಟಿಯ ಬಾಗಿಲು ತಟ್ಟಿದ್ದು ಮೊನ್ನೆ.

ಇದರಲ್ಲಿ ನನ್ನ ಭಯ ಎಲ್ಲಿ ಬಂತು ಎಂದರೆ, ಆಂಟಿ ನಿನ್ನೆ ತೋರಿಸಿದ ಒಂದು ಫೋಟೋದಲ್ಲಿ. ತೊಟ್ಟಿಯ ಪಕ್ಕದ ಕಂಪ್ಯೂಟರಿನ ಪರದೆ ಅದು. ಎಷ್ಟು ಚೀಲ ಏನು ಸುರಿಯಬೇಕೆಂದು ಹೇಳುವ ಲೆಕ್ಕ. ಬೀಜಗಣಿತ ಮಾಡುವ ತಂತ್ರಾಂಶದಲ್ಲಿ ಬರೆದದ್ದು. ಆ ತಂತ್ರಾಂಶ ಮಾರುವ ಕಂಪನಿಯ ಸಹಾಯ ವಿಭಾಗದಲ್ಲೇ ನನಗೆ ಕೆಲಸ. ಜನ ತಮ್ಮ ತೊಡಕು ಬರೆದು ಕಳಿಸುತ್ತಾರೆ, ನಾನು ಉತ್ತರ ಬರೆಯುತ್ತೇನೆ. ದಿನಕ್ಕೆ ನಲವತ್ತು. ಫೋನ್ ಸರದಿ ಬಂದ ದಿನ ಬೇರೆಯವರ ಜೊತೆ ಬದಲಾಯಿಸಿಕೊಳ್ಳುತ್ತೇನೆ. ಬರೆಯುವುದಾದರೆ ಖುಷಿಯಾಗಿ ಬರೆಯುತ್ತೇನೆ.

ಫೋಟೋದ ಕೊನೆಯ ಸಾಲಿನ ಆರಂಭದಲ್ಲಿ ಎರಡೇ ಅಕ್ಷರದ ಒಂದು ಆಜ್ಞೆ ಇತ್ತು. ಆರ್, ಇ. ಓದುವಾಗ ‘ರೀ’. ಉತ್ತರದ ನೈಜ ಭಾಗ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಸಾಡು ಎಂದು ಅರ್ಥ.

ಅದನ್ನು ಎಷ್ಟು ಜನಕ್ಕೆ ಬರೆದುಕೊಟ್ಟಿದ್ದೇನೋ ನನಗೇ ನೆನಪಿಲ್ಲ. ಹಳೆಯ ಪತ್ರಗಳನ್ನು ಹುಡುಕಿದರೆ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

“ಯಾಕೆ, ತಿಂತಾ ಇಲ್ಲ?” ಆಂಟಿ ಕೇಳಿದರು.

“ಹಸಿವಿಲ್ಲ ಆಂಟಿ.”

“ಹೆಸರು ನಿಶ್ಚಿತಾ, ಹಸಿವು ಮಾತ್ರ ಅನಿಶ್ಚಿತ,” ಎಂದು ನನ್ನ ಪಾಲನ್ನೂ ಅವರೇ ಎತ್ತಿಕೊಂಡರು.

*

ತೊಟ್ಟಿಯ ಪಕ್ಕದ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಒರಗಿಸಿದ ಚೀಲಗಳು. ನೆಲದ ಮೇಲೆ ಸುಣ್ಣದ ಬಿಳಿ ಹೆಜ್ಜೆಗಳು. ಇಡೀ ಕಾರ್ಖಾನೆಯೇ ಬಣ್ಣ ಬಣ್ಣವಾಗಿದ್ದರೂ ಈ ಕೋಣೆಗೆ ಬಿಳಿ ಮತ್ತು ಕಪ್ಪು ಎರಡೇ ಗೊತ್ತಿದ್ದಂತಿತ್ತು. ನನಗೆ ಕೋಣೆ ಹಿಡಿಸಿತು.

ಮೂವರು ಕಾಯುತ್ತಿದ್ದರು. ಮ್ಯಾನೇಜರ್ ಧವಲ್‌ಭಾಯಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ವಡೋದರಾದಿಂದ ಬಂದ ಸಲಹೆಗಾರ ಚಂದ್ರಕಾಂತ, ತುಮಕೂರಿನ ಕಡೆಯವರು. ಈ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಟ್ಟವರು ಅವರೇ. ಬಾಗಿಲ ಹತ್ತಿರ ಹನುಮಂತ, ಬಾದಾಮಿ ಕಡೆಯವನು, ನಲವತ್ತು ದಾಟಿದ ಗಟ್ಟಿ ಆಳು. ಕೂರಲು ಹೇಳಿದರೂ ಕೂರಲಿಲ್ಲ.

“ಒಂಬತ್ತ್ ವರ್ಷ ಆತ್ರೀ ಮೇಡಂ, ಇದೇ ತೊಟ್ಟಿ,” ಅಂದ ಆಂಟಿಗೆ. “ನರೋಡಾ ಬಿಟ್ಟು ಎಲ್ಲೂ ಹೋಗಿಲ್ರೀ. ಸೀರಿ ತರಾಕ ಸೂರತ್ತಿಗೆ ಕರ್ಕೊಂಡ್ ಹೋಗು ಅಂತ ಮನಿಯಾಕಿ ಒಂಬತ್ತ್ ವರ್ಷದಿಂದ ಹೇಳಾಕತ್ತಾಳ್ರೀ. ಅದೂ ಆಗಿಲ್ಲ.”

“ಆಗತ್ತೆ ಬಿಡಪ್ಪ. ನಾನೂ ಬರ್ತೀನಿ, ಒಳ್ಳೆ ಅಂಗಡಿ ಗೊತ್ತು,” ಎಂದರು ಆಂಟಿ.

ಧವಲ್‌ಭಾಯಿ ಹಿಂದಿಯಲ್ಲಿ ಶುರು ಮಾಡಿದರು. “ನೋಡಿ ನಳಿನಿಬೆನ್, ನನಗೂ ಇವನ ಮೇಲೆ ದ್ವೇಷ ಇಲ್ಲ. ಆದರೆ ಪರದೆ ಮೂವತ್ತೊಂದು ಚೀಲ ಸುಣ್ಣ ಅಂತ ತೋರಿಸಿತು, ಇದ್ದಿಲು ಏನೂ ಇಲ್ಲ. ಚಂದ್ರಕಾಂತ್‌ಭಾಯಿ ಹೇಳ್ತಾರೆ, ಇವನು ಲೆಕ್ಕಕ್ಕೆ ಕೈ ಹಾಕಿದ್ದಾನೆ ಅಂತ. ನಾಲ್ಕು ಗಂಟೆಗೆ ನಾನು ಸಹಿ ಹಾಕಬೇಕು. ಬರಾಬರ್?”

“ಬರಾಬರ್,” ಎಂದರು ಆಂಟಿ. “ಅಲ್ಲಿವರೆಗೆ ನಮ್ಮ ಹುಡುಗಿ ಆ ಲೆಕ್ಕ ನೋಡಲಿ.”

ನಾನು ಕುರ್ಚಿ ಎಳೆದುಕೊಂಡೆ. ಮಾತಾಡುವ ಕಷ್ಟ ತಪ್ಪಿಸಲು ಚೀಟಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೆ; ನಾನು ಬರೆಯುವುದು, ಆಂಟಿ ಓದುವುದು, ಅದು ನಮ್ಮ ಪದ್ಧತಿ.

“ಈ ಬೆನ್ ಮಾತಾಡೋದಿಲ್ವಾ?” ಧವಲ್‌ಭಾಯಿ ಕೇಳಿದರು.

“ಮಾತಾಡ್ತಾಳೆ. ಮುಹೂರ್ತ ಬರಬೇಕು.”

ಕೆಟ್ಟ ಲೆಕ್ಕವೊಂದನ್ನು ತೆರೆದು ಕೂರುವುದು ನನಗೆ ಸುಖ. ಮೊದಲು ಎಲ್ಲವನ್ನೂ ಮುಚ್ಚಿ, ಹೊಸದಾಗಿ ತೆರೆದು, ಮೇಲಿನ ಸಾಲಿನಿಂದ ಓಡಿಸಿದೆ. ಬೆಳಗ್ಗೆ ಕೊಟ್ಟ ಬೆಲೆಯನ್ನು ಈ ತಂತ್ರಾಂಶ ಸಂಜೆಯವರೆಗೂ ನೆನಪಿಟ್ಟುಕೊಂಡಿರುತ್ತದೆ. ಸಾಲನ್ನು ಅಳಿಸಿದರೂ ಮರೆಯುವುದಿಲ್ಲ, ಮದುವೆಯಲ್ಲಿ ಮರ್ಯಾದೆ ಸಿಗದ ಬೀಗರ ಹಾಗೆ. ಬರುವ ದೂರುಗಳಲ್ಲಿ ಅರ್ಧ ಇಷ್ಟಕ್ಕೇ ಗುಣವಾಗುತ್ತವೆ. ಇದು ಆಗಲಿಲ್ಲ. ಮತ್ತೆ ಮೂವತ್ತೊಂದೇ ಬಂತು.

ಆಮೇಲೆ ಗುಣಾಕಾರದ ಚುಕ್ಕಿಗಳನ್ನು ಒಂದೊಂದಾಗಿ ನೋಡಿದೆ. ಅಂಕಿಗೆ ಅಕ್ಷರ ಅಂಟಿಸಿದರೆ ಗುಣಿಸು ಎಂದು ನಮಗೆ ತಿಳಿಯುತ್ತದೆ, ಯಂತ್ರಕ್ಕೆ ಕೆಲವೊಮ್ಮೆ ಅದು ಯಾವುದೋ ಹೊಸ ಹೆಸರು. ಇಲ್ಲಿ ಚುಕ್ಕಿಗಳೆಲ್ಲ ಇದ್ದವು. ಆವರಣಗಳೂ ಸರಿ. ದೊಡ್ಡಕ್ಷರ ಸಣ್ಣಕ್ಷರ ಬೆರೆತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಬಿ ಎಂಬುದರಿಂದ ಎರಡು ಎಸ್ ಕಳೆ, ಐದು ಐ ಕಳೆ. ಉಳಿದದ್ದು ಕಾನೂನು ಒಪ್ಪುವ ಮಿತಿಗೆ ಸಮ ಇರಬೇಕು. ಎಸ್ ಎಷ್ಟು?

ಮೇಲೆ ಇನ್ನೊಂದು ಸಾಲಿತ್ತು. ‘ಐ ಅಂದರೆ ಆರು.’ ಆದರೆ ಅದರ ಮುಂದೆ ಯಾರೋ ಒಂದು ಗುರುತು ಹಾಕಿ, ಯಂತ್ರ ಅದನ್ನು ಓದದಂತೆ ಮಾಡಿದ್ದರು.

ಆ ಗುರುತು ತೆಗೆದು ಓಡಿಸಿದೆ. ಕೆಂಪಕ್ಷರದಲ್ಲಿ ದೂರು ಬಂತು: ಈ ಹೆಸರು ಕಾಯ್ದಿರಿಸಲಾಗಿದೆ, ಬೆಲೆ ಕೊಡುವಂತಿಲ್ಲ. ಗುರುತನ್ನು ಮತ್ತೆ ಹಾಕಿ, ಈಗ ಕೊನೆಯ ಸಾಲಿನ ‘ರೀ’ ತೆಗೆದೆ.

ಉತ್ತರ ಬದಲಾಯಿತು. ಮೂವತ್ತೊಂದು, ಮೈನಸ್ ಎರಡೂವರೆ ಐ.

“ಇದ್ಯಾರಮ್ಮ ಈ ಐ?” ಆಂಟಿ ಹೆಗಲ ಮೇಲಿಂದ ಬಗ್ಗಿ ಕೇಳಿದರು.

ಚೀಟಿಯಲ್ಲಿ ಬರೆದೆ: ‘ಮೈನಸ್ ಒಂದರ ವರ್ಗಮೂಲ. ಕಾಲ್ಪನಿಕ ಸಂಖ್ಯೆ. ತಂತ್ರಾಂಶ ಈ ಅಕ್ಷರವನ್ನು ತನಗೇ ಇಟ್ಟುಕೊಂಡಿದೆ, ಬೇರೆಯವರಿಗೆ ಕೊಡುವುದಿಲ್ಲ.’

“ಅಂದ್ರೆ ಲೇಡೀಸ್ ಸೀಟು.”

ನಗು ಬಂತು. ನಗುತ್ತಲೇ ಆ ಮೂರು ಅಕ್ಷರಗಳನ್ನು ಇನ್ನೊಮ್ಮೆ ನೋಡಿದೆ. ಬಿ, ಎಸ್, ಐ. ಗೋಡೆಗೆ ಒರಗಿದ ಚೀಲಗಳನ್ನು ನೋಡಿದೆ. ಬಿಳಿ ಚೀಲ, ಕಪ್ಪು ಚೀಲ. ಮೈಯೆಲ್ಲ ಒಂಥರಾ ಹಗುರಾಯಿತು.

‘ಆಂಟಿ, ಇವು ಇಂಗ್ಲಿಷ್ ಅಲ್ಲ,’ ಎಂದು ಬರೆದೆ. ‘ಮೊದಲು ಚಂದ್ರಕಾಂತ ಅವರನ್ನು ಕೇಳಿ. ಆಮೇಲೆ ಹನುಮಂತಣ್ಣನನ್ನು.’

ಆಂಟಿ ಚೀಟಿಯನ್ನು ಮಡಚಿ ಬ್ಲೌಸಿನೊಳಗಿಟ್ಟುಕೊಂಡರು. ಕನ್ನಡಕ ಒರೆಸಿದರು. ವಿಮಾ ಕಂಪನಿಯ ದಿನಗಳಲ್ಲಿ ಇವರು ಕನ್ನಡಕ ಒರೆಸಿದರೆ ಏಜೆಂಟರು ಬೆವರುತ್ತಿದ್ದರಂತೆ.

“ಚಂದ್ರಕಾಂತ ಅವರೇ, ನನಗೆ ಲೆಕ್ಕ ಬರೋದಿಲ್ಲ. ಸ್ವಲ್ಪ ಬಿಡಿಸಿ ಹೇಳಿ. ಬಿ ಅಂದ್ರೆ ಏನು?”

“ಬೇಸ್ ಕಲರ್ ಮೇಡಂ.”

“ಎಸ್?”

“ಸೋಡಾ.”

“ಐ?”

ಅವರು ಅರೆಗಳಿಗೆ ತಡೆದರು. “ಇನ್‌ಪುಟ್.”

ಸೋಡಾ ಎಂಬ ಮಾತು ಧವಲ್‌ಭಾಯಿಗೂ ತಿಳಿಯಿತು. “ಅರೆ, ಸೋಡಾ ಎಲ್ಲಿಂದ ಬಂತು? ನಮ್ಮ ತೊಟ್ಟಿಗೆ ಸೋಡಾ ಹಾಕೋದೇ ಇಲ್ವಲ್ಲ.”

ಆಂಟಿ ಬಾಗಿಲ ಕಡೆ ತಿರುಗಿದರು. “ಹನುಮಂತು, ಈ ಅಕ್ಷರ ನಿನಗೆ ಗೊತ್ತೇನಪ್ಪ?”

ಅವನು ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟುಬುಕ್ಕು ತೆಗೆದ. ಅಂಚುಗಳು ನೀಲಿ, ಕೆಂಪು, ಹಳದಿಗೆ ತಿರುಗಿದ್ದವು. ಒಳಗೆ ದುಂಡಗಿನ ಕನ್ನಡ ಅಕ್ಷರ.

“ನಾ ಬರದದ್ದು ಹಿಂಗ ಐತ್ರೀ. ಬ ಅಂದ್ರ ಬಣ್ಣರೀ. ಸು ಅಂದ್ರ ಸುಣ್ಣ. ಇ ಅಂದ್ರ ಇದ್ದಲಿ. ಈ ಕೆಂಪು ಬಣ್ಣ ಐತಲ್ರೀ, ಅದು ಬಾಳ ಹಟಮಾರಿ. ಸುಣ್ಣಕ್ಕ ಬಗ್ಗಂಗಿಲ್ಲ. ಆರು ಚೀಲ ಇದ್ದಲಿ ಬೀಳಾಕ ಬೇಕು. ಹದಿನಾರು ಸುಣ್ಣ, ಆರು ಇದ್ದಲಿ. ದೀಪಾವಳಿ ಮುಂದ ಈ ಸಾಹೇಬ್ರು ಇದರ ಫೋಟೋ ತಕ್ಕೊಂಡ್ ಹೋದ್ರು. ಕಂಪ್ಯೂಟರಿಗೆ ಹಾಕ್ತೀನಿ ಅಂದ್ರು. ನಂಗೂ ಸಂತೋಷ ಆತು.”

ಇ. ಇದ್ದಿಲಿನ ಇ. ಅದನ್ನು ಇಂಗ್ಲಿಷಿನಲ್ಲಿ ಒತ್ತಿದರೆ ಐ. ಯಂತ್ರಕ್ಕೆ ಇದ್ದಿಲು ಗೊತ್ತಿಲ್ಲ. ಅದು ಆರು ಚೀಲ ಇದ್ದಿಲನ್ನು ಮೈನಸ್ ಒಂದರ ವರ್ಗಮೂಲ ಎಂದುಕೊಂಡಿತು. ಯಾರೋ ಆ ‘ರೀ’ ಸೇರಿಸಿ, ನೈಜವಲ್ಲದ್ದನ್ನು ಬಿಸಾಡು ಎಂದರು. ಇದ್ದಿಲು ಹೋಯಿತು. ಇದ್ದಿಲಿನ ಕೆಲಸವನ್ನೂ ಸುಣ್ಣವೇ ಮಾಡಲಿ ಎಂದು ಯಂತ್ರ ಹದಿನಾರನ್ನು ಮೂವತ್ತೊಂದು ಮಾಡಿತು. ನೀಲಿ, ಹಳದಿ ದಿನಗಳಲ್ಲಿ ಸುಣ್ಣವೇ ಸಾಕಾಗಿ ಯಾರಿಗೂ ತಿಳಿಯಲಿಲ್ಲ. ಕೆಂಪಿನ ದಿನ ತಿಳಿಯಿತು.

ಇಷ್ಟನ್ನೂ ಬರೆದುಕೊಟ್ಟೆ. ಆಂಟಿ ಹಿಂದಿಗೆ ತಿರುಗಿಸಿ ಓದಿದರು. ಧವಲ್‌ಭಾಯಿ ಹುಬ್ಬೇರಿಸಿದರು.

“ನೋಡಿ,” ಎಂದರು ಆಂಟಿ, “ಇಂಗ್ಲಿಷಿನವರಿಗೆ ಐ ಅಂದ್ರೆ ನಾನು. ಯಂತ್ರಕ್ಕೆ ಐ ಅಂದ್ರೆ ಇಲ್ಲದ ಸಂಖ್ಯೆ. ಬಾದಾಮಿಯವನಿಗೆ ಐ ಅಂದ್ರೆ ಇದ್ದಿಲು. ಪಾಪ, ಸೋಡಾದವರಿಗೆ ಮಾತ್ರ ಏನೂ ಗೊತ್ತಿಲ್ಲ.”

ಚಾ ಬಂತು. ಪುಟ್ಟ ಗ್ಲಾಸು, ಶುಂಠಿ ಜಾಸ್ತಿ. ಕುಡಿಯುತ್ತಾ, ಇನ್ನೇನು ಮುಗಿಯಿತು ಎಂದುಕೊಂಡೆ. ನನ್ನ ಹೆಸರು ಎಲ್ಲೂ ಬಾರದೆ ಮುಗಿಯಿತು ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಮುಗಿದಿರಲಿಲ್ಲ.

*

ಚಂದ್ರಕಾಂತ ಗ್ಲಾಸು ಕೆಳಗಿಟ್ಟರು. ಅವರ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ.

“ಸರಿ ಮೇಡಂ, ಒಪ್ಪಿದೆ. ಅಕ್ಷರ ಇವನದು. ಲೆಕ್ಕನೂ ಇವನದೇ ಅಂತಿಟ್ಟುಕೊಳ್ಳಿ,” ಎಂದು ಹಿಂದಿಗೆ ಹೊರಳಿದರು, ಧವಲ್‌ಭಾಯಿಗೆ ಕೇಳುವಂತೆ. “ಆದರೆ ನಾನು ಹೋಳಿ ಮುಗಿದ ಮೇಲೆ ಇಲ್ಲಿ ತಂದು ಹಾಕಿದಾಗ ಇದರಲ್ಲಿ ಇದ್ದಿಲಿನ ಸಾಲು ಇತ್ತು. ಅದನ್ನು ಯಾರೋ ಆಮೇಲೆ ಮುಚ್ಚಿದ್ದಾರೆ. ಈ ‘ರೀ’ ಯಾರೋ ಆಮೇಲೆ ಸೇರಿಸಿದ್ದಾರೆ. ಈ ಕೋಣೆಯಲ್ಲಿ ದಿನವಿಡೀ ಇರುವವನು ಯಾರು?”

“ನಾ ಕಂಪ್ಯೂಟರ್ ಮುಟ್ಟಂಗಿಲ್ರೀ,” ಎಂದ ಹನುಮಂತ. “ಪರದಿ ಮ್ಯಾಲ ಎಷ್ಟು ಬರತೈತಿ, ಅಷ್ಟು ಸುರೀತೀನ್ರೀ. ಇದ್ದಲಿ ಯಾಕ ಬರಂಗಿಲ್ಲ ಅಂತ ಕೇಳೀನ್ರೀ. ಪರದಿ ಹೇಳಿದಷ್ಟ ಹಾಕು ಅಂದ್ರು.”

“ಕೇಳಿದಿರಾ?” ಚಂದ್ರಕಾಂತ ಕನ್ನಡಕ್ಕೆ ಬಂದು ನಕ್ಕರು. “ಮುಟ್ಟಂಗಿಲ್ರೀ, ಸುರೀತೀನ್ರೀ, ಕೇಳೀನ್ರೀ. ಮಾತಿಗೊಂದು ರೀ ಹಚ್ಚೋನು ಇಲ್ಲಿ ಇವನೊಬ್ಬನೇ. ಲೆಕ್ಕಕ್ಕೂ ಒಂದು ಹಚ್ಚಿದ್ದಾನೆ ಅಷ್ಟೆ.”

ಆಂಟಿ ನಗಲಿಲ್ಲ. ಧವಲ್‌ಭಾಯಿಗೆ ಆ ಹಾಸ್ಯ ತಿಳಿಯಲೂ ಇಲ್ಲ. ಹನುಮಂತನಿಗೆ ತಿಳಿಯಿತು. ಅವನು ನೋಟುಬುಕ್ಕನ್ನು ನಿಧಾನವಾಗಿ ಕವರಿನಲ್ಲಿ ಸುತ್ತತೊಡಗಿದ.

“ಇದೇ ಲೆಕ್ಕ ಬೇರೆಲ್ಲಾದರೂ ಕೊಟ್ಟಿದ್ದೀರಾ ನೀವು?” ಆಂಟಿ ಕೇಳಿದರು. “ಅಲ್ಲಿ ನೋಡಿದರೆ ತಿಳಿಯುತ್ತಲ್ಲ, ಈ ‘ರೀ’ ಮೊದಲಿಂದ ಇತ್ತಾ ಇಲ್ಲವಾ ಅಂತ.”

“ಇಲ್ಲ. ಇದು ನರೋಡಾಕ್ಕೆಂದೇ ಮಾಡಿದ್ದು. ಪ್ರಪಂಚದಲ್ಲಿ ಇರೋದು ಇದೊಂದೇ ಪ್ರತಿ.”

ಧವಲ್‌ಭಾಯಿ ಗಡಿಯಾರ ನೋಡಿದರು. ನಾಲ್ಕಕ್ಕೆ ಹನ್ನೆರಡು ನಿಮಿಷ. ಅವರು ಫೈಲಿನಿಂದ ಕಾಗದ ತೆಗೆದು ಮೇಜಿನ ಮೇಲೆ, ನನ್ನ ಮೊಣಕೈ ಪಕ್ಕದಲ್ಲೇ ಇಟ್ಟರು. ಹನುಮಂತನ ಹೆಸರನ್ನು ಗುಜರಾತಿಯಲ್ಲಿ ತಪ್ಪಾಗಿ ಬರೆದಿದ್ದರು.

“ಬೆನ್, ನನಗೆ ಪುರಾವೆ ಬೇಕು,” ಎಂದರು ಮೆಲ್ಲಗೆ. “ಇವನಲ್ಲ ಅಂತಾದರೆ ಮತ್ತೆ ಯಾರು?”

ಆಂಟಿ ಆ ಕಾಗದವನ್ನೇ ನೋಡಿದರು. ಅವರು ಕನ್ನಡಕ ಒರೆಸಲೂ ಇಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

“ಒಂದು ಮಾತು,” ಚಂದ್ರಕಾಂತ ಬ್ಯಾಗು ಎತ್ತಿಕೊಳ್ಳುತ್ತಾ ಅಂದರು. “ಐ ಏನು ಅಂತ ವಿಚಾರಿಸದೆ ಕತ್ತರಿಸಿ ಬಿಸಾಡು ಅಂತ ಲೆಕ್ಕ ಬಲ್ಲವರು ಯಾರೂ ಹೇಳಿಕೊಡೋದಿಲ್ಲ. ಇದು ಓದು ಬರಹ ಸರಿಯಿಲ್ಲದವರ ಕೆಲಸ.”

ನಾನು ಗಣಿತದಲ್ಲಿ ಎಂ.ಎಸ್ಸಿ. ವಡೋದರಾದಲ್ಲಿ ಓದಿದ್ದು. ಅಪ್ಪ ರೈಲ್ವೆಯಲ್ಲಿ ಅಲ್ಲೇ ಇದ್ದಾರೆ. ಮಗಳು ಬುದ್ಧಿವಂತೆ ಎಂದು ಎಲ್ಲರಿಗೂ ಹೇಳುತ್ತಾರೆ.

ಚಂದ್ರಕಾಂತ ಅಂದದ್ದು ಸರಿಯಾಗಿಯೇ ಇತ್ತು. ಅದೇ ನೋವು. ಐ ಎಂಬುದು ಏನು ಎಂದು ಮೊದಲು ಕೇಳಬೇಕಿತ್ತು. ಯಂತ್ರ ‘ಇಲ್ಲಿ ನೋವಿದೆ’ ಎನ್ನುತ್ತಿರುವಾಗ, ಅದರ ಬಾಯಿಗೆ ಬಟ್ಟೆ ತುರುಕುವುದನ್ನು ಹೇಳಿಕೊಟ್ಟ ಹಾಗಾಯಿತು.

ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ.

ಹುಡುಕಬೇಕಾದ ಸಾಲು ನನಗೆ ಬಾಯಿಪಾಠ ಬರುತ್ತಿತ್ತು. ‘ಉತ್ತರದಲ್ಲಿ ಐ ಕಾಣಿಸಿಕೊಂಡರೆ, ಮತ್ತು ನಿಮಗೆ ನೈಜ ಬೆಲೆ ಮಾತ್ರ ಸಾಕಿದ್ದರೆ...’ ನನ್ನದೇ ಅಚ್ಚಿನ ಉತ್ತರ, ಅಂಟಿಸಿ ಕಳಿಸುವುದು. ಹದಿನೇಳು ಪತ್ರ ಸಿಕ್ಕವು. ಕಾಲೇಜುಗಳು, ಸೇತುವೆಯ ಲೆಕ್ಕದವರು, ಒಬ್ಬ ನಿವೃತ್ತ ಮೇಷ್ಟ್ರು. ಹನ್ನೊಂದನೆಯದಕ್ಕೆ ಒಂದು ಕಡತ ಲಗತ್ತಾಗಿತ್ತು. ತೆರೆದೆ.

ಬಿ. ಎರಡು ಎಸ್. ಐದು ಐ.

‘ಐ ಅಂದರೆ ಆರು’ ಎಂಬ ಸಾಲಿನ ಮುಂದೆ ಆಗಲೇ ಆ ಗುರುತು ಬಿದ್ದಿತ್ತು. ಕೆಳಗೆ ಪ್ರಶ್ನೆ: ಉತ್ತರದಲ್ಲಿ ಐ ಬರುತ್ತಿದೆ, ತೆಗೆಯುವುದು ಹೇಗೆ? ಅದರ ಕೆಳಗೆ ನಾಲ್ಕು ನಿಮಿಷದಲ್ಲಿ ನಾನು ಕಳಿಸಿದ ಉತ್ತರ. ನಾಲ್ಕು ನಿಮಿಷ ಎಂದು ಆವತ್ತು ಹೆಮ್ಮೆಪಟ್ಟಿರಬೇಕು.

ಆಮೇಲೆ ತಾರೀಖು ನೋಡಿದೆ. ಆಮೇಲೆ, ಪ್ರಶ್ನೆ ಕಳಿಸಿದವರ ವಿಳಾಸ. ವಿಂಧ್ಯಾ ಎಂಬ ಹೆಸರು, ಅದರ ಕೆಳಗೆ ಕಾರ್ಖಾನೆ, ಊರು. ಎರಡು ಸಲ ಓದಿದೆ.

ಧವಲ್‌ಭಾಯಿ ಪೆನ್ನಿನ ಮುಚ್ಚಳ ತೆಗೆದರು. ಅಭ್ಯಾಸದಂತೆ ನನ್ನ ಕೈ ಚೀಟಿ ಪುಸ್ತಕದ ಕಡೆ ಹೋಯಿತು. ಬರೆದುಕೊಟ್ಟರೆ ಆಂಟಿ ಓದುತ್ತಾರೆ, ಅವರ ದನಿಯಲ್ಲಿ ನನ್ನ ತಪ್ಪು ಅಷ್ಟು ಕೆಟ್ಟದಾಗಿ ಕೇಳಿಸುವುದಿಲ್ಲ. ನಾಳೆ ಕಚೇರಿಯಲ್ಲಿ ಏನಾಗುತ್ತದೋ ಅದೂ ತಲೆಯಲ್ಲಿ ಬಂತು. ಬಾಗಿಲ ಹತ್ತಿರ ಹನುಮಂತ ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ, ಇನ್ನು ಯಾರಿಗೂ ತೋರಿಸುವುದಿಲ್ಲವೇನೋ ಎಂಬ ಹಾಗೆ, ಎರಡು ಸುತ್ತು.

ಚೀಟಿ ಪುಸ್ತಕ ಮುಚ್ಚಿದೆ. ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು, ಎಲ್ಲರೂ ತಿರುಗಿದರು.

“ಸಹಿ ಹಾಕಬೇಡಿ,” ಎಂದೆ, ಹಿಂದಿಯಲ್ಲಿ, ಎಲ್ಲರಿಗೂ ತಿಳಿಯುವಂತೆ. “ಆ ‘ರೀ’ ಹಾಕಿ ಅಂತ ಬರೆದುಕೊಟ್ಟವಳು ನಾನು. ಐ ಅಂದರೆ ಏನು ಅಂತ ಕೇಳಲೇ ಇಲ್ಲ. ಇದೇ ಲೆಕ್ಕಕ್ಕೆ, ಜನವರಿ ಹತ್ತೊಂಬತ್ತಕ್ಕೆ, ಹೋಳಿಗಿಂತ ಎಷ್ಟೋ ಮುಂಚೆ. ಆದರೆ ಕೇಳಿದ್ದು ನರೋಡಾದವರಲ್ಲ. ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರು. ಚಂದ್ರಕಾಂತ ಅವರು ಇದೇ ಲೆಕ್ಕವನ್ನು ಮೊದಲು ಕೊಟ್ಟದ್ದು ಅಲ್ಲಿಗೆ. ಅಲ್ಲಿನ ತೊಟ್ಟಿಗೆ ಇವತ್ತಿಗೂ ಇದ್ದಿಲು ಬೀಳುತ್ತಿಲ್ಲ.”